ವಜಾ: ಓದದೆ ಬಿಟ್ಟ ಎರಡನೆಯ ಸಾಲು

ನಮ್ಮ ಅಜ್ಜ ಮುಂಬಯಿ ಇಲಾಖೆಯ ಕಾಲದಲ್ಲಿ ಮುಲ್ಕಿ ಪರೀಕ್ಷೆ ಪಾಸಾದವರು. ಕಳೆಯುವ ಲೆಕ್ಕಕ್ಕೆ ಅವರು ಕೊನೆಯವರೆಗೂ ಮರಾಠಿಯವರಂತೆ ‘ವಜಾಬಾಕಿ’ ಎಂದೇ ಅನ್ನುತ್ತಿದ್ದರು. ಮನೆಯ ಮುಂದೆ ಹತ್ತಿ ತೂಗುವಾಗ ‘ಚೀಲದ ತೂಕ ವಜಾ ಮಾಡ್ರಿ’ ಎಂದು ತೂಗುವವನಿಗೆ ಹೇಳುವರು. ಆಳಿನ ಲೆಕ್ಕ ಮುಗಿಸುವಾಗ ಮೊದಲೇ ಕೊಟ್ಟ ಮುಂಗಡವನ್ನು ವಜಾ ಮಾಡುವರು. ಹೀಗಾಗಿ ವಜಾ ಎಂದರೆ ಇದ್ದುದರಲ್ಲಿ ಇಷ್ಟು ತೆಗೆದುಹಾಕುವುದು ಎಂದು ನಾನು ಚಿಕ್ಕಂದಿನಲ್ಲೇ ಕಲಿತಿದ್ದೆ. ಆ ಕಲಿಕೆಯೇ ಮುಂದೆ ಒಂದು ದಿನ ನನ್ನನ್ನು ದಾರಿ ತಪ್ಪಿಸಿತು.

ಅದು 1983ರ ಆಗಸ್ಟ್. ನವಲಗುಂದ, ನರಗುಂದದ ರೈತ ಬಂಡಾಯ ನಡೆದು ಮೂರು ವರ್ಷವಾಗಿತ್ತು. ನಾನು ಒಂಬತ್ತನೆಯ ಇಯತ್ತೆಯಲ್ಲಿದ್ದೆ. ನನ್ನ ತಂದೆಯ ಅಕ್ಕ, ಎಂದರೆ ನನ್ನ ಸೋದರತ್ತೆ, ಗಂಡನ ಮನೆ ಬಿಟ್ಟು ನಮ್ಮ ಮನೆಗೆ ಬಂದು ಆಗಲೇ ಆರು ವರ್ಷವಾಗಿತ್ತು. ಗಂಡ ಇನ್ನೊಬ್ಬಳನ್ನು ತಂದು ಇಟ್ಟುಕೊಂಡಿದ್ದ. ಊರ ಹಿರಿಯರು ನಾಲ್ಕು ಸಲ ಪಂಚಾಯತಿ ಮಾಡಿ ಸೋತ ಮೇಲೆ, ಅತ್ತೆ ತನ್ನ ಎರಡು ಬಳೆ ಒತ್ತೆಯಿಟ್ಟು ತಾಲೂಕಿನ ಕೋರ್ಟಿನಲ್ಲಿ ಜೀವನಾಂಶಕ್ಕಾಗಿ ದಾವಾ ಹಾಕಿದ್ದಳು. ತಾರೀಖು ಇದ್ದ ದಿನ ಬೆಳಗಿನ ಬಸ್ಸಿಗೆ ರೊಟ್ಟಿ ಕಟ್ಟಿಕೊಂಡು ಹೋಗಿ, ಸಂಜೆಯ ಬಸ್ಸಿಗೆ ಮುಂದಿನ ತಾರೀಖು ಕೇಳಿಕೊಂಡು ಬರುವಳು. ಎರಡು ವರ್ಷ ಹೀಗೇ ನಡೆಯಿತು.

ಆ ತಿಂಗಳು 12ನೆಯ ತಾರೀಖಿಗೆ ಸಾಕ್ಷಿ ಹೇಳುವುದಿತ್ತು. ಹಿಂದಿನ ರಾತ್ರಿ ಮಳೆ ಹೊಡೆದು ಬೆಣ್ಣಿಹಳ್ಳ ತುಂಬಿ ಬಂತು. ನಮ್ಮ ಕಡೆಯವರಿಗೆ ಬೆಣ್ಣಿಹಳ್ಳದ ಸ್ವಭಾವ ಹೇಳಬೇಕಾಗಿಲ್ಲ. ಅದು ಬಂತೆಂದರೆ ಬಸ್ಸೂ ಇಲ್ಲ, ಬಂಡಿಯೂ ಇಲ್ಲ. ಅತ್ತೆ ರೊಟ್ಟಿಯ ಗಂಟು ಹಿಡಿದುಕೊಂಡು ಮಧ್ಯಾಹ್ನದವರೆಗೆ ಹಳ್ಳದ ದಂಡೆಯ ಮೇಲೆ ನಿಂತು ತಿರುಗಿ ಬಂದಳು.

ಒಂದು ವಾರದ ಮೇಲೆ ವಕೀಲರ ಕಾರ್ಡು ಬಂತು. ಅಜ್ಜನಿಗೆ ಕಣ್ಣಿನಲ್ಲಿ ಪೊರೆ ಬಂದಿತ್ತು. ಅಪ್ಪ ಹೊಲಕ್ಕೆ ಹೋಗಿದ್ದ. ಅತ್ತೆಗೆ ಓದು ಬರದು.

“ಏನ ಬರದಾರ ನೋಡವಾ ತಂಗಿ” ಎಂದು ಅತ್ತೆ ನನ್ನ ಕೈಗೆ ಕೊಟ್ಟಳು.

ನಾನು ಓದಿದೆ. ವಾದಿಯ ಗೈರುಹಾಜರಿಯ ಕಾರಣ ದಾವಾ ವಜಾ ಆಗಿರುತ್ತದೆ ಎಂದಿತ್ತು.

“ವಜಾ ಅಂದ್ರ?”

“ಕಳದು ಹಾಕೂದು ಅತ್ತಿ. ತಗದು ಹಾಕ್ಯಾರ ಅಂತ” ಎಂದೆ.

ಅತ್ತೆ ಅಲ್ಲೇ ಕಟ್ಟೆಯ ಮೇಲೆ ಕುಸಿದು ಕುಳಿತಳು. ಅವಳು ಅಳುವುದನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ. ನನಗೆ ಗಾಬರಿಯಾಗಿ ಕಾರ್ಡನ್ನು ಮಡಿಸಿ ಅವಳ ಉಡಿಯಲ್ಲಿಟ್ಟೆ. ರಾತ್ರಿ ಅಪ್ಪ ಬಂದಾಗ ಅಜ್ಜ “ಕೇಸು ಬಿತ್ತು” ಎಂದರು. ಅಪ್ಪ ಕೈಕಾಲು ತೊಳೆದು ಊಟಕ್ಕೆ ಕುಳಿತ. ಅವನಿಗೂ ಸಾಲವಿತ್ತು, ಅವನಿಗೂ ಸಾಕಾಗಿತ್ತು. ಆ ಕಾರ್ಡಿನಲ್ಲಿ ಇನ್ನೊಂದು ಸಾಲು ಇತ್ತು. ಅದನ್ನು ಯಾರೂ ಕೇಳಲಿಲ್ಲ, ನಾನೂ ಓದಲಿಲ್ಲ.

ಅತ್ತೆಯ ಗಂಡನ ಊರಿನಲ್ಲಿ ಪೇಢೆ ಹಂಚಿದರಂತೆ. ‘ಕೋರ್ಟೇ ಹೇಳೈತಿ, ಆಕಿದೇ ತಪ್ಪು ಅಂತ’ ಎಂಬ ಮಾತು ಎರಡು ಊರು ದಾಟಿ ನಮ್ಮ ಓಣಿಗೆ ಬಂತು. ಅತ್ತೆ ಕೂಲಿಗೆ ಹೋದಳು, ಹೊಲಿಗೆ ಕಲಿತಳು, ನನ್ನ ಮದುವೆಗೆ ಕೌದಿ ಹೊಲಿದುಕೊಟ್ಟಳು. ಆದರೆ ಆ ದಿನದಿಂದ ಯಾರದಾದರೂ ಎದುರಿಗೆ ನ್ಯಾಯದ ಮಾತು ಬಂದರೆ ಎದ್ದು ಒಳಗೆ ಹೋಗುವಳು. ತನ್ನ ಮಾತು ಸುಳ್ಳೆಂದು ಸರ್ಕಾರವೇ ಬರೆದುಕೊಟ್ಟಿದೆ ಎಂದು ಅವಳು ನಂಬಿದ್ದಳು.

ಮುಂದೆ ನಾನು ಬಿ.ಎ., ಬಿ.ಎಡ್. ಮುಗಿಸಿ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನದ ಶಿಕ್ಷಕಿಯಾದೆ. ಹತ್ತೊಂಬತ್ತನೆಯ ಶತಮಾನದ ಸಮಾಜ ಸುಧಾರಣೆಯ ಪಾಠ ಬಂದಾಗ ನಾನು ಪುಸ್ತಕದಲ್ಲಿರುವುದಷ್ಟನ್ನೇ ಹೇಳಿ ಬಿಡುವವಳಲ್ಲ. ಮುಂಬಯಿಯ ರುಖ್ಮಾಬಾಯಿಯ ಮೊಕದ್ದಮೆಯನ್ನು ಸೇರಿಸಿ ಹೇಳುತ್ತೇನೆ. ಅದು ನಮಗೆ ಹೊರಗಿನ ಕಥೆಯಲ್ಲ. ಆಗ ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರಗಳೆಲ್ಲ ಮುಂಬಯಿ ಇಲಾಖೆಯಲ್ಲೇ ಇದ್ದವು. ನಮ್ಮ ಕಡೆಯ ದೊಡ್ಡ ಅಪೀಲುಗಳು ಹೋಗುತ್ತಿದ್ದುದೂ ಅದೇ ಮುಂಬಯಿ ಹೈಕೋರ್ಟಿಗೆ.

ರುಖ್ಮಾಬಾಯಿ ಹುಟ್ಟಿದ್ದು 1864ರಲ್ಲಿ, ಬಡಿಗತನದ ಸುತಾರ ಜಾತಿಯಲ್ಲಿ. ತಂದೆ ಜನಾರ್ದನ ಪಾಂಡುರಂಗ ಅವಳು ಕೂಸಾಗಿದ್ದಾಗಲೇ ತೀರಿಕೊಂಡ. ಆ ಜಾತಿಯಲ್ಲಿ ವಿಧವೆಯರು ಮತ್ತೆ ಮದುವೆಯಾಗುವ ರೂಢಿ ಇತ್ತು, ನಮ್ಮ ಕಡೆಯ ಉಡಿಕೆಯ ಹಾಗೆ. ತಾಯಿ ಜಯಂತಿಬಾಯಿ ತನ್ನ ಪಾಲಿನ ಆಸ್ತಿಯನ್ನು ಮಗಳ ಹೆಸರಿಗೆ ಮಾಡಿ, ಡಾಕ್ಟರ್ ಸಖಾರಾಮ ಅರ್ಜುನರನ್ನು ಮದುವೆಯಾದಳು. ಸಖಾರಾಮರು ಓದಿದವರು. ಗ್ರಾಂಟ್ ಮೆಡಿಕಲ್ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದರು. ಆದರೂ ರೂಢಿ ಬಿಡಲಿಲ್ಲ. ಹನ್ನೊಂದನೆಯ ವಯಸ್ಸಿಗೆ ರುಖ್ಮಾಬಾಯಿಯನ್ನು ದಾದಾಜಿ ಭಿಕಾಜಿ ಎಂಬ ಹತ್ತೊಂಬತ್ತು ವರ್ಷದ ಹುಡುಗನಿಗೆ ಮದುವೆ ಮಾಡಿಕೊಟ್ಟರು. ಮದುವೆಯಾದರೂ ಅವಳು ತವರಿನಲ್ಲೇ ಉಳಿದಳು, ಓದಿದಳು, ಬೆಳೆದಳು. ದಾದಾಜಿ ಓದನ್ನು ಬಿಟ್ಟು ತನ್ನ ಸೋದರಮಾವನ ಮನೆ ಸೇರಿಕೊಂಡ. ಬೆಳೆದ ಮೇಲೆ ಅವನೊಡನೆ ಸಂಸಾರ ಮಾಡಲು ಅವಳಿಗೆ ಮನಸ್ಸಾಗಲಿಲ್ಲ.

1884ರಲ್ಲಿ ದಾದಾಜಿ ಕೋರ್ಟಿಗೆ ಹೋದ. ದಾವೆಯ ಹೆಸರು ‘ದಾಂಪತ್ಯ ಹಕ್ಕುಗಳ ಪುನಃಸ್ಥಾಪನೆ’. ಇದು ನಮ್ಮ ಶಾಸ್ತ್ರದ ಮಾತಲ್ಲ, ಇಂಗ್ಲೆಂಡಿನ ಚರ್ಚಿನ ಕೋರ್ಟುಗಳಿಂದ ಬಂದದ್ದು. 1885ರ ಸೆಪ್ಟೆಂಬರ್‌ನಲ್ಲಿ ನ್ಯಾಯಮೂರ್ತಿ ಪಿನ್‌ಹೇ ಆ ದಾವೆಯನ್ನು ವಜಾ ಮಾಡಿದರು.

ಅವರು ಕೊಟ್ಟ ಕಾರಣವನ್ನು ಗಮನವಿಟ್ಟು ನೋಡಬೇಕು. ಬಾಲ್ಯವಿವಾಹ ತಪ್ಪು ಎಂದು ಅವರು ತೀರ್ಪು ಕೊಡಲಿಲ್ಲ. ಈ ಮದುವೆ ಮದುವೆಯೇ ಅಲ್ಲ ಎಂದೂ ಅನ್ನಲಿಲ್ಲ. ಪುನಃಸ್ಥಾಪನೆ ಎಂದರೆ ಮೊದಲು ಇದ್ದು ತಪ್ಪಿಹೋದದ್ದನ್ನು ಮತ್ತೆ ಕೂಡಿಸುವುದು. ಇವರಿಬ್ಬರೂ ಒಂದು ದಿನವೂ ಕೂಡಿ ಬಾಳಿದವರಲ್ಲ. ಇಲ್ಲದ್ದನ್ನು ಮತ್ತೆ ಕೊಡಿಸುವುದು ಹೇಗೆ, ಅಂಥ ಒಂದು ಮೊಕದ್ದಮೆಯನ್ನೂ ನನಗೆ ತೋರಿಸಿಲ್ಲ ಎಂಬುದು ಅವರ ತರ್ಕ. ಒಲ್ಲದ ಹೆಣ್ಣನ್ನು ಹೀಗೆ ಒಬ್ಬನ ಮನೆಗೆ ಅಟ್ಟುವುದು ಅನಾಗರಿಕ ಎಂದೂ ಅವರು ಹೇಳಿದರು. ಸುಧಾರಕರು ಹಿಗ್ಗಿದರು. ಸನಾತನಿಗಳು ಕೆರಳಿದರು. ಹೊರಗೆ ಎಲ್ಲರಿಗೂ ಕಂಡದ್ದು ಒಂದೇ: ದಾದಾಜಿ ಸೋತ, ರುಖ್ಮಾಬಾಯಿ ಗೆದ್ದಳು.

ಆದರೆ ವಜಾ ಎಂಬುದು ಅದರ ಕಾರಣ ಎಷ್ಟು ಗಟ್ಟಿಯೋ ಅಷ್ಟೇ ಗಟ್ಟಿ. ದಾದಾಜಿ ಅಪೀಲು ಹೋದ. 1886ರಲ್ಲಿ ಮುಖ್ಯ ನ್ಯಾಯಮೂರ್ತಿ ಸಾರ್ಜೆಂಟ್ ಮತ್ತು ನ್ಯಾಯಮೂರ್ತಿ ಬೇಲಿ ಅವರ ಪೀಠ ಪಿನ್‌ಹೇ ತೀರ್ಪನ್ನು ಅಳಿಸಿ, ಇಂಥ ದಾವಾ ನಡೆಸಲು ಬರುತ್ತದೆ, ಮತ್ತೆ ವಿಚಾರಣೆ ಮಾಡಿ ಎಂದು ಕೆಳಗೆ ಕಳಿಸಿತು. ಆಗಲೂ ಅವಳು ಸೋತಳೆಂದು ಅರ್ಥವಲ್ಲ, ಅವನು ಗೆದ್ದನೆಂದೂ ಅಲ್ಲ. ಮುಚ್ಚಿದ ಕಡತ ಮತ್ತೆ ತೆರೆಯಿತು, ಅಷ್ಟೇ. 1887ರ ಮಾರ್ಚ್ 4ರಂದು ನ್ಯಾಯಮೂರ್ತಿ ಫಾರನ್ ಹೊಸ ತೀರ್ಪು ಕೊಟ್ಟರು: ರುಖ್ಮಾಬಾಯಿ ಗಂಡನ ಮನೆಗೆ ಹೋಗಬೇಕು, ಇಲ್ಲವಾದರೆ ಆರು ತಿಂಗಳ ಸೆರೆಮನೆ. ಇಪ್ಪತ್ತೆರಡು ವರ್ಷದ ರುಖ್ಮಾಬಾಯಿ ಸೆರೆಮನೆಗೆ ಹೋಗುತ್ತೇನೆ, ಅಲ್ಲಿಗೆ ಹೋಗುವುದಿಲ್ಲ ಎಂದಳು.

ದೇಶದ ಪತ್ರಿಕೆಗಳೆಲ್ಲ ಎರಡು ಪಂಗಡವಾದವು. ಬೆಹ್ರಾಮ್‌ಜಿ ಮಲಬಾರಿ ಅವಳ ಪರವಾಗಿ ಬರೆದರು. ತಿಲಕರು ಅವಳಿಗೆ ವಿರುದ್ಧವಾಗಿ ನಿಂತರು. ‘ಸ್ವರಾಜ್ಯ ನನ್ನ ಹಕ್ಕು’ ಎಂದ ತಿಲಕರು ಇವರೇ ಏನು ಎಂದು ಮಕ್ಕಳು ಕೇಳುತ್ತಾರೆ. ಹೌದು, ಅವರೇ ಎಂದು ಹೇಳುತ್ತೇನೆ. ದೊಡ್ಡವರು ಎಲ್ಲ ವಿಷಯದಲ್ಲೂ ದೊಡ್ಡವರಾಗಿರಬೇಕೆಂಬ ಕರಾರಿಲ್ಲ. ರುಖ್ಮಾಬಾಯಿ ತಾನೂ ಸುಮ್ಮನಿದ್ದವಳಲ್ಲ. ಮೊದಲ ತೀರ್ಪಿಗೂ ಮುಂಚೆಯೇ, 1885ರಲ್ಲಿ, ‘ಒಬ್ಬ ಹಿಂದೂ ಮಹಿಳೆ’ ಎಂಬ ಮರೆಹೆಸರಿನಿಂದ ಟೈಮ್ಸ್ ಆಫ್ ಇಂಡಿಯಾಕ್ಕೆ ಪತ್ರ ಬರೆದು, ಬಾಲ್ಯವಿವಾಹ ಹೆಣ್ಣಿನ ಓದನ್ನೂ ಬದುಕನ್ನೂ ಹೇಗೆ ಮುರಿಯುತ್ತದೆ ಎಂದು ವಿವರಿಸಿದ್ದಳು.

ಕೊನೆಗೆ ಕೋರ್ಟಿನ ಹೊರಗೆ ಮುಗಿಯಿತು. 1888ರಲ್ಲಿ ದಾದಾಜಿ 2000 ರೂಪಾಯಿ ತೆಗೆದುಕೊಂಡು, ಡಿಕ್ರಿಯನ್ನು ಜಾರಿ ಮಾಡಿಸದೆ ಬಿಟ್ಟುಕೊಟ್ಟ. ರುಖ್ಮಾಬಾಯಿ ಸೆರೆಮನೆಗೆ ಹೋಗಲಿಲ್ಲ. ಮುಂಬಯಿಯ ಕಾಮಾ ಆಸ್ಪತ್ರೆಯ ಡಾಕ್ಟರ್ ಎಡಿತ್ ಪೀಚೀ ಮುಂತಾದವರ ನೆರವಿನಿಂದ 1889ರಲ್ಲಿ ಇಂಗ್ಲೆಂಡಿಗೆ ಹೋಗಿ, ಲಂಡನ್ನಿನ ಮಹಿಳಾ ವೈದ್ಯಕೀಯ ಶಾಲೆಯಲ್ಲಿ ಓದಿ, 1894ರಲ್ಲಿ ಡಾಕ್ಟರಾದಳು. ಸೂರತ್ತಿನಲ್ಲಿ, ಆಮೇಲೆ ರಾಜಕೋಟದಲ್ಲಿ ಹೆಂಗಸರ ಆಸ್ಪತ್ರೆ ನಡೆಸಿದಳು. 1955ರಲ್ಲಿ ತೀರಿಕೊಂಡಾಗ ಅವಳಿಗೆ ತೊಂಬತ್ತು ದಾಟಿತ್ತು.

ಒಂದು ವರ್ಷ ಇಷ್ಟು ಹೇಳಿ ಮುಗಿಸಿದಾಗ ಹಿಂದಿನ ಬೆಂಚಿನ ಒಬ್ಬ ಹುಡುಗಿ ಎದ್ದು ನಿಂತಳು.

“ಅಕ್ಕೋರ, ಹಂಗಾರ ಆಕಿ ಕೇಸು ಗೆದ್ದಳೋ, ಸೋತಳೋ? ಪರೀಕ್ಷೆದಾಗ ಒಂದು ವಾಕ್ಯದಾಗ ಬರೀರಿ ಅಂದ್ರ ಏನ ಬರಿಬೇಕ್ರಿ?”

ಇಡೀ ತರಗತಿ ನಕ್ಕಿತು. ನನಗೆ ಉತ್ತರ ಹೊಳೆಯಲಿಲ್ಲ. ಮೊದಲ ಕೋರ್ಟು ದಾವೆಯನ್ನೇ ವಜಾ ಮಾಡಿದ್ದರಿಂದ ಗೆದ್ದಳು. ಅಪೀಲಿನಲ್ಲಿ ಆ ಗೆಲುವು ಹೋಯಿತು. ಮರುವಿಚಾರಣೆಯಲ್ಲಿ ಸೋತಳು. ಆ ಸೋಲು ಜಾರಿಯಾಗಲಿಲ್ಲ. ಸಂಜೆ ಮನೆಗೆ ಬರುತ್ತ ಬಸ್ಸಿನಲ್ಲಿ ನನಗೆ ಅತ್ತೆಯ ಕಾರ್ಡಿನ ನೆನಪಾಯಿತು. ಅತ್ತೆ ಆಗ ಇನ್ನೂ ಇದ್ದಳು. ಆದರೂ ಕೇಳಲು ಬಾಯಿ ಬರಲಿಲ್ಲ.

ಅತ್ತೆ 2011ರಲ್ಲಿ ಹೋದಳು. ದಿನಕರ್ಮ ಮುಗಿದ ಮೇಲೆ ಅವಳ ಟ್ರಂಕು ತೆಗೆದೆವು. ಎರಡು ಇಳಕಲ್ ಸೀರೆ, ಒತ್ತೆಯಿಂದ ಬಿಡಿಸಿಕೊಂಡ ಒಂದೇ ಬಳೆ, ಸೂಜಿದಾರದ ಡಬ್ಬಿ. ಅದರ ಕೆಳಗೆ ಆ ಕಾರ್ಡು. ಮಡಿಸಿದ ಗೆರೆಯಲ್ಲಿ ಹರಿಯಲು ಬಂದಿತ್ತು. ಮಸಿ ಮಾಸಿದ್ದರೂ ಓದಲು ಬರುತ್ತಿತ್ತು. ಇಪ್ಪತ್ತೆಂಟು ವರ್ಷದ ಮೇಲೆ ನಾನು ಎರಡನೆಯ ಸಾಲನ್ನು ಓದಿದೆ: ‘ಪತ್ರ ಮುಟ್ಟಿದ ಕೂಡಲೆ ತಪ್ಪದೆ ಬಂದು ಕಾಣಬೇಕು, ಅರ್ಜಿ ಕೊಡುವುದಿದೆ.’

ಯಾವ ಅರ್ಜಿ ಎಂದು ತಿಳಿಯದೆ ನನಗೆ ನಿದ್ದೆ ಬರಲಿಲ್ಲ. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಧಾರವಾಡದಲ್ಲಿ ವಕೀಲಿ ಮಾಡುತ್ತಿದ್ದಳು. 2008ರಲ್ಲಿ ಧಾರವಾಡಕ್ಕೆ ಹೈಕೋರ್ಟಿನ ಸಂಚಾರಿ ಪೀಠ ಬಂದ ಮೇಲೆ ಅವಳು ಬೆಂಗಳೂರು ಬಿಟ್ಟು ಊರಿಗೆ ಬಂದಿದ್ದಳು. ಒಂದು ಭಾನುವಾರ ಕಾರ್ಡು ತೆಗೆದುಕೊಂಡು ಅವಳ ಮನೆಗೆ ಹೋದೆ. ಅವಳು ಕಾರ್ಡನ್ನು ಬೆಳಕಿಗೆ ಹಿಡಿದು ಓದಿ, ತಿರುವಿ ಅಂಚೆಯ ಮುದ್ರೆ ನೋಡಿದಳು.

“ಅಕ್ಕೋರ, ವಜಾ ಆಗಿದ್ದು 12ಕ್ಕ. ಇದು ನಿಮ್ಮ ಊರಿಗೆ ಮುಟ್ಟಿದ್ದು 19ಕ್ಕ. ಮೂವತ್ತು ದಿನದ ಮುದ್ದತ್ತು ಇರತದರಿ. ನಿಮಗ ಇನ್ನೂ ಇಪ್ಪತ್ಮೂರು ದಿನ ಇದ್ದವು.”

ಆಮೇಲೆ ಅವಳು ನನಗೆ ಪಾಠ ಹೇಳಿದಳು. ಅವಳು ಹೇಳಿದ್ದನ್ನು ನನಗೆ ತಿಳಿದಷ್ಟು ಇಲ್ಲಿ ಬರೆಯುತ್ತೇನೆ. ನಮ್ಮ ಮನೆಗಳಲ್ಲಿ ಇದು ಗೊತ್ತಿಲ್ಲದೆ ಎಷ್ಟೋ ಜನ ಅತ್ತೆಯಂತೆ ಕುಸಿದು ಕುಳಿತಿರಬಹುದು.

ಕೋರ್ಟು ದಾವಾ ವಜಾ ಮಾಡಿತು ಎಂದರೆ, ನೀನು ಕೇಳಿದ್ದನ್ನು ನೀನು ಕೇಳಿದ ರೀತಿಯಲ್ಲಿ ಕೊಡುವುದಿಲ್ಲ ಎಂದಷ್ಟೇ ಅರ್ಥ. ಏಕೆ ಕೊಡುವುದಿಲ್ಲ ಎಂಬುದು ಬೇರೆ ಬೇರೆ. ಆ ‘ಏಕೆ’ಯ ಮೇಲೆ ಮುಂದಿನ ದಾರಿ ನಿಂತಿದೆ. ಸಿವಿಲ್ ದಾವೆಗಳು ನಡೆಯುವುದು 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ ಪ್ರಕಾರ. ಎರಡೂ ಕಡೆಯ ಸಾಕ್ಷಿ ಕೇಳಿ, ಕಾಗದಪತ್ರ ನೋಡಿ, ನಿನ್ನ ಹಕ್ಕು ಸಾಬೀತಾಗಿಲ್ಲ ಎಂದು ವಜಾ ಮಾಡಿದರೆ ಅದು ನಿಜವಾದ ಸೋಲು. ಅಪೀಲಿಗೆ ಹೋಗಬಹುದೇ ಹೊರತು, ಅದೇ ವ್ಯಾಜ್ಯವನ್ನು ಅವರ ಮೇಲೆಯೇ ಮತ್ತೆ ಹೂಡಲು ಬರುವುದಿಲ್ಲ. ಸಂಹಿತೆಯ 11ನೆಯ ಕಲಂ ತಡೆಯುತ್ತದೆ. ತಡೆಯದಿದ್ದರೆ ವ್ಯಾಜ್ಯಗಳಿಗೆ ಕೊನೆಯೇ ಇರುವುದಿಲ್ಲ.

ಆದರೆ ಎಲ್ಲ ವಜಾ ಇಂಥದಲ್ಲ. ಕೋರ್ಟ್ ಫೀ ಕಡಿಮೆ ಕಟ್ಟಿ, ಹೇಳಿದ ಮುದ್ದತ್ತಿನಲ್ಲಿ ತುಂಬದಿದ್ದರೆ ದಾವಾಪತ್ರವನ್ನೇ ತಿರಸ್ಕರಿಸುತ್ತಾರೆ. ದಾವೆಗೆ ಕಾರಣವೇ ಅದರಲ್ಲಿ ಕಾಣದಿದ್ದರೂ ಹಾಗೆಯೇ. ಜನ ಇದನ್ನೂ ವಜಾ ಎಂದೇ ಕರೆಯುತ್ತಾರೆ. ಇಲ್ಲಿ ಕೋರ್ಟು ಸಾಕ್ಷಿಯನ್ನು ಕೇಳಿಯೇ ಇರುವುದಿಲ್ಲ. ಲೋಪ ತಿದ್ದಿ, ಕಾಲಮಿತಿಯೊಳಗೆ ಹೊಸ ದಾವಾಪತ್ರ ಕೊಡಲು ತಿರಸ್ಕಾರವೊಂದೇ ಅಡ್ಡಿಯಲ್ಲ. ತಪ್ಪು ಕೋರ್ಟಿಗೆ ಹೋಗಿದ್ದರೆ ದಾವಾಪತ್ರವನ್ನು ಸರಿಯಾದ ಕೋರ್ಟಿಗೆ ಒಯ್ಯಲೆಂದು ಮರಳಿ ಕೊಡುತ್ತಾರೆ. ಅದಂತೂ ಸೋಲಲ್ಲವೇ ಅಲ್ಲ, ವಿಳಾಸ ತಪ್ಪಿದ ಪತ್ರ ತಿರುಗಿ ಬಂದಂತೆ.

ಇನ್ನೊಂದು, ಗೈರುಹಾಜರಿಯ ವಜಾ. ಇದರಲ್ಲೂ ಎರಡು ಬಗೆ. ಕೂಗಿದಾಗ ವಾದಿಯೂ ಇಲ್ಲ, ಪ್ರತಿವಾದಿಯೂ ಇಲ್ಲ ಎಂದಾಗ ವಜಾ ಮಾಡಿದರೆ, ಕಾಲಮಿತಿ ಮುಗಿಯದಿದ್ದರೆ ಹೊಸ ದಾವಾ ಹಾಕಬಹುದು, ಅಥವಾ ಹಳೆಯದನ್ನೇ ಮತ್ತೆ ಕಡತಕ್ಕೆ ತೆಗೆದುಕೊಳ್ಳಿ ಎಂದು ಕೇಳಬಹುದು. ಪ್ರತಿವಾದಿ ಬಂದು ವಾದಿ ಒಬ್ಬಳೇ ಬಾರದಿದ್ದರೆ ನಿಯಮ ಬಿಗಿ. ಅದೇ ಕಾರಣಕ್ಕೆ ಹೊಸ ದಾವಾ ಬರುವುದಿಲ್ಲ. ಆದರೆ ಬಾರದಿದ್ದುದಕ್ಕೆ ಸಾಕಷ್ಟು ಕಾರಣವಿತ್ತು ಎಂದು ಮೂವತ್ತು ದಿನದೊಳಗೆ ಅರ್ಜಿ ಕೊಟ್ಟು ಕೋರ್ಟಿಗೆ ಮನವರಿಕೆ ಮಾಡಿದರೆ, ವಜಾ ಹುಕುಮನ್ನು ರದ್ದು ಮಾಡಿ ನಿಂತಲ್ಲಿಂದ ಕೇಸು ನಡೆಸುತ್ತಾರೆ. ದಿನ ಮೀರಿದರೂ ತಡಕ್ಕೆ ತಕ್ಕ ಕಾರಣವಿದ್ದರೆ ಮನ್ನಿಸುವ ಅಧಿಕಾರ ಕೋರ್ಟಿಗಿದೆ.

“ಹಳ್ಳ ಬಂದು ದಾರಿ ಕಟ್ಟಿತ್ತು ಅನ್ನೂದಕ್ಕಿಂತ ದೊಡ್ಡ ಕಾರಣ ಇನ್ನೇನ ಬೇಕಿತ್ತರಿ ಅಕ್ಕೋರ?” ಎಂದಳು ಅವಳು. ಅಷ್ಟೇ ಅಲ್ಲ. ದಾವೆಯೊಂದನ್ನು ಬಿಟ್ಟು, ಮ್ಯಾಜಿಸ್ಟ್ರೇಟರ ಮುಂದೆ ದಂಡ ಪ್ರಕ್ರಿಯಾ ಸಂಹಿತೆಯ 125ನೆಯ ಕಲಮಿನ ಕೆಳಗೆ ಜೀವನಾಂಶ ಕೇಳುವ ಬಾಗಿಲೂ ಇತ್ತಂತೆ. ಆಗ ತಿಂಗಳಿಗೆ 500 ರೂಪಾಯಿಗಿಂತ ಹೆಚ್ಚು ಕೊಡಿಸುವಂತಿರಲಿಲ್ಲ. ಆ ಮಿತಿಯನ್ನು 2001ರಲ್ಲಿ ತೆಗೆದರು. 1983ರಲ್ಲಿ ತಿಂಗಳಿಗೆ ನೂರು ರೂಪಾಯಿ ಬಂದಿದ್ದರೂ ಅತ್ತೆ ಸುಗ್ಗಿಯ ಬಿಸಿಲಿನಲ್ಲಿ ಕೂಲಿಗೆ ಹೋಗಬೇಕಾಗಿರಲಿಲ್ಲ.

ನನ್ನ ಮುಖ ನೋಡಿ ಅವಳಿಗೆ ಏನನ್ನಿಸಿತೋ, ಚಹಾ ಮಾಡಿ ತಂದಳು. ಚಹಾ ಕುಡಿಯುತ್ತ ಇನ್ನೊಂದು ಮಾತು ಹೇಳಿದಳು. ಸುಪ್ರೀಂ ಕೋರ್ಟು ಕೂಡ ದಿನವೂ ಎಷ್ಟೋ ವಿಶೇಷ ಅನುಮತಿ ಅರ್ಜಿಗಳನ್ನು ಕಾರಣ ಬರೆಯದೆ ವಜಾ ಮಾಡುತ್ತದೆ. ಮರುದಿನ ಪತ್ರಿಕೆಯಲ್ಲಿ ‘ಹೈಕೋರ್ಟ್ ತೀರ್ಪಿಗೆ ಸುಪ್ರೀಂ ಮುದ್ರೆ’ ಎಂದು ಬಂದರೆ ಅದು ಪೂರ್ತಿ ಸರಿಯಲ್ಲ. ಕಾರಣವಿಲ್ಲದ ಅಂಥ ವಜಾ ಎಂದರೆ ಅಪೀಲಿಗೆ ಅನುಮತಿ ಕೊಡಲಿಲ್ಲ ಎಂದಷ್ಟೇ, ಕೆಳಗಿನ ತೀರ್ಪಿನ ಮಾತನ್ನೆಲ್ಲ ಒಪ್ಪಿದೆವು ಎಂದಲ್ಲ. ಇದನ್ನು ಸುಪ್ರೀಂ ಕೋರ್ಟೇ 2000ದಲ್ಲಿ ಕುಂಞಹಮ್ಮದ್ ಎಂಬವರ ಮೊಕದ್ದಮೆಯಲ್ಲಿ ಬಿಡಿಸಿ ಹೇಳಿದೆ. ಓದಿದವರು ನಡೆಸುವ ಪತ್ರಿಕೆಗಳೇ ಮೊದಲ ಸಾಲಿಗೆ ನಿಂತುಬಿಡುವಾಗ, ಒಂಬತ್ತನೆಯ ಇಯತ್ತೆಯ ಹುಡುಗಿ ನಿಂತದ್ದು ದೊಡ್ಡ ತಪ್ಪೇನಲ್ಲ ಎಂದು ನನ್ನನ್ನು ಸಮಾಧಾನ ಮಾಡುವುದು ಅವಳ ಉದ್ದೇಶವಿದ್ದೀತು. ಸಮಾಧಾನವಾಗಲಿಲ್ಲ.

ಆ ಮೇಲೆ ನಾನು ರುಖ್ಮಾಬಾಯಿಯ ಮೊಕದ್ದಮೆಯನ್ನು ಮತ್ತೆ ಓದಿದೆ. ಇತಿಹಾಸಕಾರ ಸುಧೀರ್ ಚಂದ್ರ ಅವರು ಈ ಮೊಕದ್ದಮೆಯನ್ನೇ ಕುರಿತು ‘ಎನ್‌ಸ್ಲೇವ್ಡ್ ಡಾಟರ್ಸ್’ ಎಂಬ ಪುಸ್ತಕ ಬರೆದಿದ್ದಾರೆ, 1998ರಲ್ಲಿ ಬಂದದ್ದು. ಈಗ ನನಗೆ ಬೇರೆ ಸಂಗತಿಗಳು ಕಂಡವು. ಪಿನ್‌ಹೇ ಅವರ ವಜಾ ನಮಗೆ ಹಿತವಾದದ್ದು, ಆದರೆ ಅದು ‘ಪುನಃ’ ಎಂಬ ಒಂದು ಶಬ್ದದ ಮೇಲೆ ನಿಂತಿತ್ತು. ಬಾಲ್ಯದಲ್ಲಿ ಒಪ್ಪಿಗೆಯಿಲ್ಲದೆ ಆದ ಮದುವೆ ಹೆಣ್ಣನ್ನು ಕಟ್ಟಿಹಾಕಬಹುದೇ ಎಂಬ ರುಖ್ಮಾಬಾಯಿಯ ಪ್ರಶ್ನೆಗೆ ಅದರಲ್ಲಿ ಉತ್ತರವಿರಲಿಲ್ಲ. ಒಂದೇ ವರ್ಷದಲ್ಲಿ ಅದು ಅಪೀಲಿನಲ್ಲಿ ಕುಸಿದದ್ದು ಅದಕ್ಕೇ. ಒಂದು ವೇಳೆ ಅವಳು ಆ ಮೊದಲ ತೀರ್ಪನ್ನೇ ನೆಚ್ಚಿ ಕುಳಿತಿದ್ದರೆ 1887ರಲ್ಲಿ ಮುರಿದುಹೋಗುತ್ತಿದ್ದಳು. ಅವಳು ತೀರ್ಪಿನ ಹೆಸರನ್ನು ನೋಡಲಿಲ್ಲ, ತನ್ನ ಪ್ರಶ್ನೆ ಇನ್ನೂ ಹಾಗೇ ಇದೆ ಎಂಬುದನ್ನು ನೋಡಿದಳು.

ಆ ಪ್ರಶ್ನೆ ಮುಂದೆಯೂ ಉಳಿಯಿತು. ಆ ಗದ್ದಲದ ಬೆನ್ನಿಗೇ 1891ರಲ್ಲಿ ಸಮ್ಮತಿ ವಯಸ್ಸಿನ ಕಾಯಿದೆ ಬಂದು ಹತ್ತು ಇದ್ದದ್ದು ಹನ್ನೆರಡಾಯಿತು. ಎರಡು ವರ್ಷ ಹೆಚ್ಚಿಸಲು ಅಷ್ಟು ಜಗಳ! ದಾಂಪತ್ಯ ಹಕ್ಕಿನ ಡಿಕ್ರಿಗೆ ಒಪ್ಪದ ಹೆಂಡತಿಯನ್ನು ಸೆರೆಗೆ ಹಾಕುವ ನಿಯಮವನ್ನು ತೆಗೆದುಹಾಕಿದ್ದು 1923ರಲ್ಲಿ. ಆಗ ರುಖ್ಮಾಬಾಯಿ ಇನ್ನೂ ರಾಜಕೋಟದಲ್ಲಿ ಹೆರಿಗೆ ಮಾಡಿಸುತ್ತಿದ್ದಳು. ಡಿಕ್ರಿ ಮಾತ್ರ ಉಳಿಯಿತು, ಸೆರೆಯ ಬದಲು ಆಸ್ತಿ ಜಪ್ತಿ. 1955ರಲ್ಲಿ, ಅವಳು ತೀರಿಕೊಂಡ ವರ್ಷವೇ, ಹಿಂದೂ ವಿವಾಹ ಕಾಯಿದೆ ಬಂತು. ಅದರ 9ನೆಯ ಕಲಮಿನಲ್ಲಿ ಅದೇ ದಾಂಪತ್ಯ ಹಕ್ಕುಗಳ ಪುನಃಸ್ಥಾಪನೆ ಕೂತಿತ್ತು. 1983ರಲ್ಲಿ, ಅತ್ತೆಯ ಕಾರ್ಡು ಬಂದ ವರ್ಷವೇ, ಆಂಧ್ರಪ್ರದೇಶ ಹೈಕೋರ್ಟು ಸರೀತಾ ಎಂಬ ನಟಿಯ ಮೊಕದ್ದಮೆಯಲ್ಲಿ ಆ ಕಲಂ ಸಂವಿಧಾನಕ್ಕೆ ವಿರುದ್ಧ ಎಂದಿತು. ಮರುವರ್ಷ ಸುಪ್ರೀಂ ಕೋರ್ಟು ಸರೋಜ್ ರಾಣಿಯ ಮೊಕದ್ದಮೆಯಲ್ಲಿ ಹಾಗಲ್ಲ, ಕಲಂ ಇರಬಹುದು ಎಂದಿತು. 2019ರಲ್ಲಿ ಕಾನೂನು ಓದುವ ಮಕ್ಕಳು ಮತ್ತೆ ಅದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿದರು. ಪ್ರಶ್ನೆಯೊಂದು ನ್ಯಾಯವಾದದ್ದಾಗಿದ್ದರೆ ಕೋರ್ಟು ಎಷ್ಟು ಸಲ ವಜಾ ಮಾಡಿದರೂ ಅದು ಇನ್ನೊಂದು ಬಾಗಿಲಿನಿಂದ ಬರುತ್ತದೆ.

ಆದರೆ ಬರುವುದಕ್ಕೆ ಯಾರಾದರೂ ಕಾಗದವನ್ನು ಕೊನೆಯವರೆಗೆ ಓದುವವರು ಬೇಕು. ರುಖ್ಮಾಬಾಯಿಗೆ ಓದು ಇತ್ತು, ಹೆಸರಿನ ಮೇಲೆ ಆಸ್ತಿಯಿತ್ತು, ಬರೆಯಲು ಪತ್ರಿಕೆಯಿತ್ತು, ಬೆನ್ನಿಗೆ ಜನರಿದ್ದರು. ಅತ್ತೆಗೆ ಇದ್ದದ್ದು ನಾನೊಬ್ಬಳು. ನಾನು ಓದುವುದನ್ನು ಮಧ್ಯದಲ್ಲಿ ನಿಲ್ಲಿಸಿದೆ. ಬೆಣ್ಣಿಹಳ್ಳ ತಡೆದದ್ದು ಒಂದು ದಿನ. ಉಳಿದ ಇಪ್ಪತ್ಮೂರು ದಿನ ತಡೆದದ್ದು ನಮಗೆ ಗೊತ್ತಿದ್ದ ಒಂದು ಶಬ್ದದ ಅರ್ಧ ಅರ್ಥ.

ಈಗ ಕಾಲ ಸ್ವಲ್ಪ ಬದಲಾಗಿದೆ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆ 1995ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ಹೆಂಗಸರಿಗೆ, ಆದಾಯ ಎಷ್ಟೇ ಇರಲಿ, ಕೋರ್ಟಿನಲ್ಲಿ ಉಚಿತ ಕಾನೂನು ನೆರವು ಕೇಳುವ ಹಕ್ಕಿದೆ. ತಾಲೂಕಿನ ಕೋರ್ಟಿನಲ್ಲೇ ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಡಬಹುದು. ಬಳೆ ಒತ್ತೆಯಿಡಬೇಕಾಗಿಲ್ಲ. ಪಾಲಕರ ಸಭೆಗೆ ಬಂದ ತಾಯಂದಿರಿಗೆ ನಾನು ಮಕ್ಕಳ ಅಂಕದ ಮಾತು ಮುಗಿದ ಮೇಲೆ ಇದನ್ನೂ ಹೇಳುತ್ತೇನೆ. ಒಬ್ಬಿಬ್ಬರು ಹಿಂದೆ ಉಳಿದು ಸೆರಗಿನೊಳಗಿಂದ ಕಾಗದ ತೆಗೆದು ತೋರಿಸಿದ್ದೂ ಉಂಟು. ಆಗ ನಾನು ಕನ್ನಡಕ ಹಾಕಿಕೊಂಡು, ತಾರೀಖಿನಿಂದ ಸಹಿಯವರೆಗೆ, ಬಾಯಿ ತೆರೆದು ಪೂರ್ತಿ ಓದುತ್ತೇನೆ. ಕಾನೂನು ನನಗೆ ಬರುವುದಿಲ್ಲ. ಆದರೆ ಯಾವ ದಿನ ವಜಾ ಆಯಿತು, ಏಕೆ ಆಯಿತು, ಇನ್ನೂ ಎಷ್ಟು ದಿನ ಉಳಿದಿದೆ ಎಂಬ ಮೂರನ್ನು ಕೇಳಿಕೊಂಡು ಬಾ ಎಂದು ವಕೀಲರಲ್ಲಿಗೆ ಕಳಿಸುತ್ತೇನೆ.

ಆ ಹುಡುಗಿಯ ಪ್ರಶ್ನೆಗೆ ಮರುವಾರ ಉತ್ತರ ಹೇಳಬೇಕಾಗಿತ್ತು. ಆಗ ಹೇಳಲಾಗಲಿಲ್ಲ. ಅವಳು ಪಾಸಾಗಿ ಹೋಗಿ ವರ್ಷಗಳಾದವು. ಈಗ ಆ ಪಾಠ ಬಂದಾಗಲೆಲ್ಲ, ಒಂದು ವಾಕ್ಯದ ಉತ್ತರ ಬರೆಯಬೇಡಿ, ಕೋರ್ಟು ಏನಂದಿತು ಎಂಬುದರ ಕೆಳಗೆ ಏಕೆ ಅಂದಿತು ಎಂಬ ಎರಡನೆಯ ಸಾಲನ್ನೂ ಬರೆಯಿರಿ, ಅದಕ್ಕೇ ಅಂಕ ಎಂದು ಮಕ್ಕಳಿಗೆ ಹೇಳುತ್ತೇನೆ. ಅತ್ತೆಯ ಕಾರ್ಡು ಈಗ ನನ್ನ ಹತ್ತಿರವಿದೆ. ಹರಿಯಬಾರದೆಂದು ಇತಿಹಾಸದ ಟಿಪ್ಪಣಿಯ ವಹಿಯೊಳಗೆ ಇಟ್ಟಿದ್ದೇನೆ.